ಗಾಜಿನ ತೊಟ್ಟಿಯ ಮೀನಿಗೆ ಕೊನೆಯ ಉಪಚಾರ



ಮೂವತ್ತು ವರ್ಷಕ್ಕೂ ಮಿಕ್ಕಿ ಜನ್ನನ ‘ಯಶೋಧರ ಚರಿತೆ’ಯನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಪಾಪಕ್ಕಾಗಿ ಅರಸನೊಬ್ಬನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ ತೊಳಲುವ ಆ ಕಥೆಯಲ್ಲಿ ಒಂದು ಜನ್ಮ ಮೀನಿನದು. ಪರೀಕ್ಷೆಯ ದೃಷ್ಟಿಯಿಂದ ಆ ಭಾಗಕ್ಕೆ ಅಂಥ ಮಹತ್ವವಿರಲಿಲ್ಲವಾಗಿ ನಾನೂ ನನ್ನ ವಿದ್ಯಾರ್ಥಿಗಳೂ ಅದನ್ನು ಒಂದೇ ಗಂಟೆಯಲ್ಲಿ ದಾಟಿಬಿಡುತ್ತಿದ್ದೆವು. ನಿವೃತ್ತನಾದ ಮೇಲೆ, ಚಾಮರಾಜನಗರದ ನನ್ನ ಮನೆಯ ನಡುಮನೆಯಲ್ಲಿ, ಹೆಬ್ಬೆರಳುದ್ದದ ಮೀನೊಂದು ನನ್ನನ್ನು ಮತ್ತೆ ಆ ಪಾಠದ ಮುಂದೆ ಕೂರಿಸಿತು.

ನಮ್ಮ ಕಾಲಕ್ಕೆ ಮನೆಯೊಳಗೆ ಮೀನು ಸಾಕುವುದೆಂದರೆ ಸಿರಿವಂತರ ಷೋಕಿ. 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದಾಗ, ಆಗತಾನೆ ಕೆಲಸಕ್ಕೆ ಸೇರಿದ್ದ ನಾನು ಅದನ್ನು ನೋಡಲೆಂದೇ ರೈಲು ಹತ್ತಿ ಹೋಗಿದ್ದೆ. ಈಗ ನಮ್ಮಂಥ ಊರಿನ ಅಂಗಡಿಯಲ್ಲೂ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಚಿನ್ನದ ಮೀನುಗಳು ತೂಗಾಡುತ್ತವೆ. ಸಾವಿರ ವರ್ಷಕ್ಕೂ ಹಿಂದೆ ಚೀನಾದೇಶದವರು ಕೊಳದ ಮೀನನ್ನು ಆಯ್ದು ಆಯ್ದು ಸಾಕಿ ಪಡೆದ ತಳಿಯಿದು. ಸರಿಯಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳತಕ್ಕದ್ದು. ನಮ್ಮ ಮನೆಗಳಲ್ಲಿ ಅನೇಕ ಮೀನುಗಳು ಎರಡನೆಯ ದೀಪಾವಳಿಯನ್ನು ಕಾಣುವುದಿಲ್ಲ. ಮನುವಿನ ಕೈಗೆ ಸಿಕ್ಕ ಮೀನು ತನ್ನನ್ನು ಕಾಪಾಡೆಂದು ಬೇಡಿದ ಕಥೆ ಶತಪಥ ಬ್ರಾಹ್ಮಣದಲ್ಲಿದೆಯಷ್ಟೆ. ಅವನು ಅದನ್ನು ಮೊದಲು ಕುಂಭದಲ್ಲಿಟ್ಟ, ಬೆಳೆದಾಗ ಗುಂಡಿ ತೋಡಿ ಅದರಲ್ಲಿಟ್ಟ, ಕಡೆಗೆ ಸಮುದ್ರಕ್ಕೇ ಒಯ್ದು ಬಿಟ್ಟ. ಮೀನು ಬೆಳೆದಂತೆ ಪಾತ್ರೆಯೂ ಬೆಳೆಯಬೇಕೆಂಬಷ್ಟು ವಿವೇಕ ಮನುವಿಗಿತ್ತು. ನಾನು ನನ್ನ ಮೂರು ಮೀನುಗಳನ್ನು ಮೂರು ವರ್ಷವೂ ಒಂದೇ ಗಾಜಿನ ಗುಂಡುಬುರುಡೆಯಲ್ಲಿ ಇಟ್ಟಿದ್ದೆ.

ಅವುಗಳಲ್ಲಿ ಒಂದಕ್ಕೆ ಜಲೋದರ ಬಂತು. ನೀರಿನಲ್ಲೇ ಇರುವ ಪ್ರಾಣಿಗೆ ಜಲೋದರವೆಂದರೆ ನಗು ಬಂದೀತು. ಆದರೆ ಸಂಗತಿ ಹೀಗಿದೆ: ಸಿಹಿನೀರಿನ ಮೀನಿನ ಒಡಲೊಳಗೆ ಹೊರಗಿನ ನೀರು ಸದಾ ಇಂಗುತ್ತಲೇ ಇರುತ್ತದೆ, ಮೂತ್ರಪಿಂಡಗಳು ಹಗಲಿರುಳೂ ಅದನ್ನು ಹೊರಹಾಕುತ್ತಿರಬೇಕು. ಕೊಳೆತ ನೀರು, ಸೋಂಕು, ಏನಾದರೊಂದು ಕಾರಣದಿಂದ ಅವು ಸೋತರೆ ಹೊಟ್ಟೆ ಊದಿ, ಮೈಮೇಲಿನ ಹುರುಪೆಗಳೆಲ್ಲ ನೆಟ್ಟಗೆ ನಿಮಿರಿ ನಿಲ್ಲುತ್ತವೆ. ಆ ಹಂತ ಮುಟ್ಟಿದ ಮೀನು ಚೇತರಿಸಿಕೊಳ್ಳುವುದು ಬಹು ವಿರಳ. ನಾನು ಉಪ್ಪುನೀರಿನಲ್ಲಿಟ್ಟೆ, ಅಂಗಡಿಯಾತ ಕೊಟ್ಟ ನೀಲಿ ಬಣ್ಣದ ಔಷಧಿಯನ್ನೂ ಹಾಕಿದೆ. ನೆರೆಯವರೊಬ್ಬರು, ‘ತೆಗೆದುಕೊಂಡು ಹೋಗಿ ದೊಡ್ಡರಸನ ಕೊಳಕ್ಕೆ ಬಿಟ್ಟುಬಿಡಿ ಸಾರ್, ಪುಣ್ಯ ಬರುತ್ತೆ’ ಎಂದರು. ರೋಗದ ಮೀನನ್ನು ಕೊಳಕ್ಕೆ ಬಿಟ್ಟರೆ ಅಲ್ಲಿನ ಮೀನುಗಳಿಗೂ ರೋಗ ಹಂಚಿದಂತೆ ಎಂಬಷ್ಟು ತಿಳಿವಳಿಕೆ ನನಗಿತ್ತು. ಅದರಿಂದ ಮುಂದೇನು ಎಂಬುದು ತಿಳಿದಿರಲಿಲ್ಲ. ಹನ್ನೊಂದು ದಿನ ಆ ಮೀನು ಪಕ್ಕಕ್ಕೆ ವಾಲಿಕೊಂಡು ತೇಲುತ್ತ, ಮುಳುಗುತ್ತ ಉಳಿಯಿತು. ಕಡೆಯ ಎರಡು ದಿನ ಉಳಿದವೆರಡೂ ಅದರ ರೆಕ್ಕೆಯನ್ನು ಕಿತ್ತು ತಿನ್ನುತ್ತಿದ್ದವು. ನಾನು ಕೈಕಟ್ಟಿ ನೋಡುತ್ತಿದ್ದೆ, ಮತ್ತು ಹಾಗೆ ನೋಡುತ್ತಿರುವುದನ್ನು ಅಹಿಂಸೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೀನಿಗೆ ನೋವು ತಿಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಆಮೇಲೆ ಹುಡುಕಿಕೊಂಡು ಹೋದೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿದ್ದ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಟ್ರೌಟ್ ಮೀನಿನ ತುಟಿಗೆ ಜೇನುಹುಳುವಿನ ವಿಷವನ್ನೋ ಹುಳಿಯಾಮ್ಲವನ್ನೋ ಚುಚ್ಚಿದರೆ ಅದು ಬಹಳ ಹೊತ್ತು ಆಹಾರ ಮುಟ್ಟುವುದಿಲ್ಲ. ಆಮ್ಲ ತಗುಲಿದ ಮೀನುಗಳು ತಳದ ಕಲ್ಲಿಗೆ ತುಟಿಯನ್ನು ಉಜ್ಜಿದವು. ಮಾರ್ಫಿನ್ ಕೊಟ್ಟಾಗ ಈ ವರ್ತನೆ ತಗ್ಗಿತು. ಮೀನಿನ ಮಿದುಳಿನಲ್ಲಿ ನಮ್ಮಂಥ ಹೊರಪದರವಿಲ್ಲ, ಆದುದರಿಂದ ನೋವಿನ ಅನುಭವವೂ ಇಲ್ಲವೆಂದು ಆಸ್ಟ್ರೇಲಿಯದ ಬ್ರಯನ್ ಕೀ ಮೊದಲಾದವರು ವಾದಿಸಿದ್ದಾರೆ. ವಾದ ಮುಗಿದಿಲ್ಲ. ಆದರೆ ಹನ್ನೊಂದು ದಿನ ಅದರ ಎದುರು ಕುಳಿತವನಿಗೆ ಈ ಎರಡರಲ್ಲಿ ಯಾವ ಪಕ್ಷದ ಮೇಲೆ ಜೂಜು ಕಟ್ಟಬೇಕೆಂಬುದು ಕಷ್ಟದ ಪ್ರಶ್ನೆಯಾಗಲಿಲ್ಲ. ರುಕ್ಮಿಣಿದೇವಿ ಅರುಂಡೇಲರ ಹೋರಾಟದ ಫಲವಾಗಿ ಬಂದ, 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಿ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಅಲುಗಾಡಲು ಸಾಕಷ್ಟು ಎಡೆಯಿಲ್ಲದ ಪಾತ್ರೆಯಲ್ಲಿ ಪ್ರಾಣಿಯನ್ನು ಕೂಡಿಡುವುದೂ ಅಲ್ಲಿ ಅಪರಾಧವೇ. ನನ್ನ ಗುಂಡುಬುರುಡೆ ನೆನಪಾಗಿ ತಲೆ ತಗ್ಗಿಸಿದೆ.

ವರ್ಷ ಕಳೆದು, ಗುಂಡ್ಲುಪೇಟೆಯಲ್ಲಿರುವ ಮಗಳು ಬೆಳಗಿನ ಹೊತ್ತಿನಲ್ಲೇ ಫೋನು ಮಾಡಿದಳು. ‘ಅಪ್ಪ, ಪುಟ್ಟಿಯ ಮೀನಿಗೂ ಹಂಗೇ ಆಗಿದೆ. ನೀವೊಂದ್ಸಲ ಬಂದು ನೋಡಿ.’ ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಕುಳಿತು, ಚೆಂಡುಹೂವಿನ ಹೊಲಗಳನ್ನು ನೋಡುತ್ತ ನಾನು ನೆನೆಯುತ್ತಿದ್ದುದು ಸಾಬರಮತಿಯ ಕರುವನ್ನು. 1928ರಲ್ಲಿ ಗಾಂಧೀಜಿಯವರ ಆಶ್ರಮದಲ್ಲಿ ಗುಣವಾಗುವ ಆಸೆಯೇ ಇಲ್ಲದೆ ನರಳುತ್ತಿದ್ದ ಕರುವೊಂದಕ್ಕೆ ಅವರ ಎದುರಿನಲ್ಲಿಯೇ ವೈದ್ಯರು ಚುಚ್ಚುಮದ್ದಿತ್ತು ಪ್ರಾಣ ತೆಗೆದರು. ಗಾಂಧೀಜಿ ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದರು. ಸಿಟ್ಟಿನ ಕಾಗದಗಳು ಬಂದು ಬಿದ್ದವು. ಕೊಲ್ಲದಿರುವುದಷ್ಟೇ ಅಹಿಂಸೆಯಲ್ಲವೆಂಬ ತಮ್ಮ ನಿಲುವಿನಿಂದ ಅವರು ಕದಲಲಿಲ್ಲ. ಆದರೆ ಗಾಂಧೀಜಿಯ ಧೈರ್ಯವನ್ನು ಬಸ್ಸಿನಲ್ಲಿ ಕುಳಿತು ಸಾಲ ಪಡೆಯುವುದು ಸುಲಭ. ಮೊಮ್ಮಗಳ ಮುಖ ಕಂಡಾಗ ಆ ಸಾಲ ಒದಗಲಿಲ್ಲ.

ಆಗ ನನಗೆ ಒದಗಿದ್ದು ಸಮಂತಭದ್ರನ ಒಂದು ಮಾತು: ‘ನಿಷ್ಪ್ರತೀಕಾರ’. ಸಲ್ಲೇಖನವನ್ನು ಕೈಕೊಳ್ಳಬಹುದಾದ ಸಂದರ್ಭಗಳನ್ನು ಎಣಿಸುವಾಗ, ಬರವಾಗಲಿ ಮುಪ್ಪಾಗಲಿ ರೋಗವಾಗಲಿ ಅದಕ್ಕೆ ಪ್ರತೀಕಾರವೇ ಇಲ್ಲದಂತಿರಬೇಕೆಂದು ಆತ ನಿಬಂಧನೆ ಹಾಕುತ್ತಾನೆ. ನಮ್ಮ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪುರಾತನ ಕ್ಷೇತ್ರ. ಸಲ್ಲೇಖನವೆಂಬುದು ಈ ನೆಲಕ್ಕೆ ಪುಸ್ತಕದ ಶಬ್ದವಲ್ಲ. ತಪ್ಪು ತಿಳಿಯಬಾರದು, ಸಲ್ಲೇಖನ ಬೇರೆ, ನಾನು ಮಾಡಹೊರಟದ್ದು ಬೇರೆ. ಅದು ವ್ರತಿಯು ತನಗಾಗಿ ತಾನೇ ತೆಗೆದುಕೊಳ್ಳುವ ನಿರ್ಧಾರ; ಮೀನಿಗೆ ವ್ರತವಿಲ್ಲ, ಬಾಯಿಯಿಲ್ಲ. ಆ ಮಾತಿನಿಂದ ನಾನು ತೆಗೆದುಕೊಂಡದ್ದು ಪ್ರಶ್ನೆಯೊಂದನ್ನು ಮಾತ್ರ: ನಿಜವಾಗಿಯೂ ಪ್ರತೀಕಾರವಿಲ್ಲವೇ? ಬಿಳಿಚುಕ್ಕೆ ರೋಗವಾಗಿದ್ದರೆ ಮದ್ದುಂಟು. ರೆಕ್ಕೆ ಕೊಳೆತಿದ್ದರೆ ನೀರು ಬದಲಿಸಿದಾಗ ಎಷ್ಟೋ ಸಲ ತಾನಾಗಿ ಚಿಗುರುತ್ತದೆ. ಮಲಬದ್ಧತೆಯಿಂದ ತಲೆಕೆಳಗಾಗಿ ತೇಲುವ ಮೀನು ಎರಡು ದಿನ ಉಪವಾಸವಿಟ್ಟರೆ ನೆಟ್ಟಗಾದೀತು. ಇವನ್ನೆಲ್ಲ ಸಾವಿನ ಚಿಹ್ನೆಯೆಂದು ಬಗೆದು ಅವಸರಿಸುವುದೂ ಕ್ರೌರ್ಯವೇ. ಮಗಳು ಮೀನನ್ನು ಬೇರೆ ಪಾತ್ರೆಗೆ ಹಾಕಿ ಆರು ದಿನ ಔಷಧೋಪಚಾರ ಮಾಡಿದ್ದಳು. ಹುರುಪೆ ನಿಮಿರಿತ್ತು, ಕಣ್ಣು ಹೊರಚಾಚಿತ್ತು, ಆಹಾರ ಬಿಟ್ಟು ನಾಲ್ಕು ದಿನವಾಗಿತ್ತು. ದನದ ಡಾಕ್ಟರೊಬ್ಬರನ್ನು ಕೇಳಿದೆವು. ಅವರು ಮೊದಲು ನಕ್ಕು, ಆಮೇಲೆ ನಗು ನಿಲ್ಲಿಸಿ, ಇದು ಉಳಿಯುವುದಿಲ್ಲವೆಂದರು.

ಜನ ಸಾಮಾನ್ಯವಾಗಿ ಮಾಡುವುದು ಶೌಚದ ಗುಂಡಿಗೆ ಹಾಕಿ ನೀರು ಬಿಡುವುದು, ಇಲ್ಲವೆ ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಜೀವಂತ ಇಡುವುದು. ಎರಡೂ ನಿಧಾನದ ಸಾವುಗಳು. ಪಶುವೈದ್ಯರು ಎರಡನ್ನೂ ಒಪ್ಪುವುದಿಲ್ಲ. ಅವರು ಒಪ್ಪುವ ಕ್ರಮಗಳಲ್ಲಿ ಮನೆಯವರಿಗೆ ಸಾಧ್ಯವಾದದ್ದು ಲವಂಗದ ಎಣ್ಣೆಯದು. ಹಲ್ಲುನೋವಿಗೆಂದು ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಅದೇ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ಹಲ್ಲನ್ನು ಮರಗಟ್ಟಿಸುವಂತೆ, ಕಿವಿರುಗಳ ಮೂಲಕ ಒಳಹೊಕ್ಕು ಮೀನಿಗೆ ಅರಿವು ತಪ್ಪಿಸುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯದೆ ತೇಲುವುದರಿಂದ ಮೊದಲು ಸಣ್ಣ ಸೀಸೆಯಲ್ಲಿ ಉಗುರುಬೆಚ್ಚಗಿನ ನೀರಿನೊಡನೆ ಹಾಲಿನಂತಾಗುವವರೆಗೆ ಕುಲುಕಬೇಕು. ಮೀನನ್ನು ಅದರ ತೊಟ್ಟಿಯದೇ ನೀರು ತುಂಬಿದ ಬೇರೆ ಪಾತ್ರೆಗೆ ತಂದು, ಈ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಮೀನು ಪಕ್ಕಕ್ಕೆ ಒರಗಿ, ಮುಟ್ಟಿದರೂ ಮಿಸುಕದಂತಾದ ಮೇಲೆಯೇ ಉಳಿದದ್ದನ್ನು ಹಾಕುವುದು. ಒಟ್ಟು ಅಳತೆ ಲೀಟರಿಗೆ 0.4 ಮಿಲಿಲೀಟರ್, ಎಂದರೆ ಸುಮಾರು ಹತ್ತು ಹನಿ. ಕಿವಿರಿನ ಅಲುಗಾಟ ನಿಂತ ಮೇಲೆಯೂ ಕನಿಷ್ಠ ಹತ್ತು ನಿಮಿಷ ತೆಗೆಯಬಾರದು. ಬೇಗ ತೆಗೆದರೆ ಮೀನು ಮತ್ತೆ ಎಚ್ಚರಗೊಳ್ಳುವುದುಂಟು. ನಾವು ಅರ್ಧಗಂಟೆಗೂ ಹೆಚ್ಚು ಹೊತ್ತು ಬಿಟ್ಟೆವು. ಹಿತ್ತಲಿನ ದಾಸವಾಳದ ಬುಡದಲ್ಲಿ, ಬೆಕ್ಕು ಕೆದಕದಷ್ಟು ಆಳಕ್ಕೆ ಹೂಳಿದೆವು.

ಪುಟ್ಟಿಯನ್ನು ಆ ಕೋಣೆಯಿಂದ ಹೊರಗೆ ಕಳಿಸಬೇಕೆಂದಿದ್ದೆ. ಅವಳು ಹೋಗಲಿಲ್ಲ. ‘ತಾತ, ಅದಕ್ಕೆ ಗೊತ್ತಾಯ್ತಾ?’ ಎಂದಷ್ಟೇ ಕೇಳಿದಳು. ನಿದ್ದೆ ಬಂದಂತಾಗಿರಬೇಕೆಂದೆ. ನಿದ್ದೆಯೆಂಬ ಮಾತನ್ನು ಮಕ್ಕಳೆದುರು ಆಡಬಾರದಿತ್ತೇನೋ. ಆ ರಾತ್ರಿ ಅವಳು ತಡವಾಗಿ ಮಲಗಿದಳು.

ಊರಿಗೆ ಮರಳಿ ಇದನ್ನು ಜೈನ ಗೆಳೆಯರೊಬ್ಬರಿಗೆ ಹೇಳಿದೆ. ನನ್ನಂತೆಯೇ ಮೇಷ್ಟರ ಕೆಲಸ ಮಾಡಿ ನಿವೃತ್ತರಾದವರು. ‘ಹಿಟ್ಟಿನ ಕೋಳಿಯನ್ನು ಕೊಂದದ್ದಕ್ಕೇ ಯಶೋಧರನಿಗೆ ಅಷ್ಟು ಜನ್ಮ ಬಂತು. ಸಂಕಲ್ಪ ಮುಖ್ಯವೆಂದು ಪಾಠ ಮಾಡಿದವರು ನೀವೇ ಅಲ್ಲವೆ? ನೀವು ಸಂಕಲ್ಪ ಮಾಡಿ ನಿಜವಾದ ಮೀನನ್ನೇ ಕೊಂದಿರಿ’ ಎಂದರು. ಸಂಕಲ್ಪವೇ ಮುಖ್ಯವಾದರೆ ಬಿಡುಗಡೆಯ ಸಂಕಲ್ಪಕ್ಕೂ ಬೆಲೆಯಿರಬೇಕಲ್ಲ ಎಂದೆ ನಾನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮಗೆ ಸಹಿಸಲಾಗಲಿಲ್ಲ, ಅದಕ್ಕೆ ಮುಗಿಸಿದಿರಿ. ಬಿಡುಗಡೆ ಯಾರಿಗೆ ಸಿಕ್ಕಿತು, ಮೀನಿಗೋ ನಿಮಗೋ?’ ಎಂದು ಕೇಳಿದರು. ಕಾಫಿ ತಣ್ಣಗಾಗುವವರೆಗೆ ನನ್ನಿಂದ ಉತ್ತರ ಬರಲಿಲ್ಲ. ಈಗಲೂ ಪೂರ್ಣವಾದ ಉತ್ತರ ನನ್ನಲ್ಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದಾಗ ಅವರ ಈ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಹೇಳಿದೆ. ಅದನ್ನು ಅವರು ಒಪ್ಪಿದರು.

ಗುಂಡ್ಲುಪೇಟೆಯ ಮನೆಯಲ್ಲಿ ಈಗ ಉದ್ದನೆಯ ದೊಡ್ಡ ತೊಟ್ಟಿ ಬಂದಿದೆ. ನನ್ನ ಎರಡು ಮೀನುಗಳನ್ನೂ ಅಲ್ಲಿಗೇ ಸಾಗಿಸಿದ್ದೇನೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವ ಕೆಲಸ ಪುಟ್ಟಿಯದು. ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹಾರಿಹೋದ ಮೇಲೆಯೇ ಹಾಕುತ್ತಾಳೆ. ಕಳೆದ ಸಲ ಹೋದಾಗ ಗೂಡಿನಲ್ಲಿದ್ದ ಲವಂಗದ ಎಣ್ಣೆಯ ಸೀಸೆಯನ್ನು ನೋಡಿದೆ. ಅದರ ಮೇಲೆ ಚೀಟಿ ಅಂಟಿಸಿ, ದುಂಡಗಿನ ಅಕ್ಷರದಲ್ಲಿ ಅವಳು ಬರೆದಿದ್ದಳು: ‘ತಾತನ ಹಲ್ಲುನೋವಿಗೆ ಮಾತ್ರ.’