ಶಾಲೆ ನಡೆಸುವವರ ಕಷ್ಟವನ್ನೂ ಕೇಳೋಣ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕಿನಿಂದ ಬಂದಿದ್ದೀರಿ. ಫ್ರೀ ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡೇ ಬಂದವರೂ ಇದ್ದೀರಿ. ಉಳಿತಾಯ, ಸಾಲ, ಮರುಪಾವತಿ ಇವನ್ನೆಲ್ಲ ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ನಮ್ಮೂರ ಶಾಲೆ ಬಗ್ಗೆ ಮಾತಾಡೋಣ ಅಂತ ಇದ್ದೇವೆ. ಮಕ್ಕಳ ಬಗ್ಗೆ ಅಲ್ಲ, ಮಕ್ಕಳ ಬಗ್ಗೆ ಮಾತಾಡೋಕೆ ಬೇಕಾದಷ್ಟು ಜನ ಇದ್ದಾರೆ. ಶಾಲೆಯಲ್ಲಿ ದುಡಿಯುವವರ ಬಗ್ಗೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡ್ತೇವೆ. ಕೆಲವು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ (ಊರ ಹೆಸರು ಬೇಡ) ಸಂಘದ ಸದಸ್ಯರೆಲ್ಲ ಸೇರಿ ಶಾಲೆಗೆ ಹೋದೆವು. ಹೆಡ್ ಮಾಸ್ತರು ಹನ್ನೊಂದು ಗಂಟೆಗೆ ಬರ್ತಾರೆ, ಬಂದರೂ ಪಾಠ ಮಾಡಲ್ಲ ಅಂತ ದೂರು. ಅರ್ಜಿ ಬರೆದುಕೊಟ್ಟವರು ನಾವೇ. ಅವತ್ತೂ ಅವರು ಹನ್ನೊಂದಕ್ಕೇ ಬಂದರು. ಬೈಕಿನ ಹಿಂದೆ ಮೊಟ್ಟೆಯ ಟ್ರೇ ಕಟ್ಟಿದ್ದರು, ಮೇಲಿನ ಟ್ರೇಯಲ್ಲಿ ಒಂದಷ್ಟು ಒಡೆದು ಹಳದಿ ಸೋರುತ್ತಿತ್ತು. ನಾವು ಅರ್ಜಿ ಓದಿದೆವು. ಅವರು ಸಿಟ್ಟು ಮಾಡಲಿಲ್ಲ. ಬ್ಯಾಗಿನಿಂದ ನಾಲ್ಕು ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟು, "ಅಮ್ಮಾ, ನಾನು ನೆಟ್ಟಗೆ ಒಂದು ಪಾಠ ಮಾಡಿ ಎಷ್ಟು ದಿನ ಆಯ್ತೋ ನನಗೇ ನೆನಪಿಲ್ಲ" ಅಂದರು.

ಅಡುಗೆ ಕೋಣೆ ಬಾಗಿಲಲ್ಲಿ ನಮ್ಮ ಸಂಘದ್ದೇ ಒಬ್ಬ ಸದಸ್ಯೆ ನಿಂತಿದ್ದಳು. ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಸಾಂಬಾರು ಇಳಿಸುವಾಗ ಸುಟ್ಟಿದ್ದು, ಹತ್ತು ದಿನ ಆಗಿತ್ತಂತೆ. ಆ ಹತ್ತು ದಿನದಲ್ಲಿ ಸಂಘದ ಸಭೆ ನಡೆದಿತ್ತು, ಆಕೆ ಉಳಿತಾಯ ಕಟ್ಟಿ ಸಹಿ ಹಾಕಿ ಹೋಗಿದ್ದಳು. ಕೈ ಏನಾಯ್ತವ್ವ ಅಂತ ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮರುವರ್ಷ ಆ ಮಾಸ್ತರು ವರ್ಗಾವಣೆ ತಗೊಂಡು ಹೋದರು. ಆಮೇಲೆ ಬಹಳ ದಿನ ಆ ಜಾಗಕ್ಕೆ ಯಾರೂ ಬರಲಿಲ್ಲ. ನಾವು ಅರ್ಜಿ ಕೊಟ್ಟು ಗೆದ್ದೆವು, ಶಾಲೆ ಸೋತಿತು.

ಈ ಅಡುಗೆ ಕೆಲಸ ಎಲ್ಲಿಂದ ಬಂತು ಅನ್ನೋದನ್ನ ಸ್ವಲ್ಪ ನೆನಪು ಮಾಡಿಕೊಳ್ಳೋಣ. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಶುರುವಾಯ್ತು. ಅದರಲ್ಲಿ ಬಳ್ಳಾರಿ ಒಂದು. ಹಾಗಾಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗೆ ಬಿಸಿಯೂಟ ಮೊದಲೇ ಬಂತು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಗೆ ಮರುವರ್ಷ ಬಂತು. ಈಗ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಅಂದರೆ ಇಪ್ಪತ್ತು ವರ್ಷದ ಮೇಲಾಯ್ತು, ಈ ಕೆಲಸವನ್ನ ಹೊತ್ತವರು ನಮ್ಮಂಥ ಹೆಣ್ಣುಮಕ್ಕಳು.

ಕೆಲಸ ಎಷ್ಟು ಐತೆ ಅಂತ ಲೆಕ್ಕ ಹಾಕೋಣ, ಲೆಕ್ಕದಲ್ಲಿ ನೀವು ಹುಷಾರು. ಒಂದರಿಂದ ಐದನೇ ಕ್ಲಾಸಿನವರೆಗೆ 120 ಮಕ್ಕಳು ಅಂದುಕೊಳ್ಳಿ. ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಅಂದರೆ ದಿನಕ್ಕೆ 12 ಕೆಜಿ. ಬೇಳೆ 20 ಗ್ರಾಂನಂತೆ ಎರಡೂವರೆ ಕೆಜಿ ಹತ್ತಿರ. ತರಕಾರಿ 6 ಕೆಜಿ ಹೆಚ್ಚಬೇಕು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಮಗುವಿಗೆ 150 ಮಿ.ಲೀ.ನಂತೆ 18 ಲೀಟರ್ ಹಾಲು ಕಾಯಿಸಬೇಕು. 2024ರ ಫೆಬ್ರವರಿಯಲ್ಲಿ ರಾಗಿ ಮಾಲ್ಟ್ ಸೇರಿತು. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರ ಸೆಪ್ಟೆಂಬರ್‌ನಿಂದ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ, ಆರು ದಿನಕ್ಕೆ ಏರಿತು. ಮಕ್ಕಳಿಗೆ ಒಳ್ಳೇದೇ ಆಯ್ತು, ಬೇಡ ಅನ್ನೋಲ್ಲ. ಆದರೆ ನೂರು ಚಿಲ್ಲರೆ ಮೊಟ್ಟೆ ಬೇಯಿಸಿ, ಬಿಸಿ ಆರುವ ಮೊದಲೇ ಸುಲಿಯೋ ಬೆರಳು ಯಾರವು? ನಿಯಮದ ಪ್ರಕಾರ ಇಷ್ಟಕ್ಕೆಲ್ಲ ಮೂರು ಜನ. ಒಬ್ಬಳು ಜ್ವರ ಬಂದು ಮಲಗಿದರೆ ಇಬ್ಬರೇ. ಆಕೆಗೆ ಬದಲಿ ಬೇಕಾದರೆ ಎಷ್ಟೋ ಕಡೆ ಆಕೆಯೇ ತನ್ನ ಕೈಯಿಂದ ಕೂಲಿ ಕೊಟ್ಟು ಕಳಿಸ್ತಾಳೆ.

ಇದಕ್ಕೆ ಕೊಡೋದನ್ನ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. ಹೆಸರು ದೊಡ್ಡದು. 2009ರಲ್ಲಿ ಕೇಂದ್ರ ಗೊತ್ತು ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯ ಸರ್ಕಾರ ಅದಕ್ಕೆ ತನ್ನ ಪಾಲು ಸೇರಿಸುತ್ತಾ ಬಂತು, 2025-26ರ ಬಜೆಟ್ಟಿನಲ್ಲಿ ಇನ್ನೂ 1,000 ರೂಪಾಯಿ ಏರಿಸಿತು. ಆಗಲೂ ಐದು ಸಾವಿರ ಮುಟ್ಟಲಿಲ್ಲ.

ಇಲ್ಲಿ ನಮ್ಮ ಸಂಘಗಳ ಮಾತು ಬರ್ತದೆ, ಬೇಜಾರು ಮಾಡ್ಕೋಬೇಡಿ. ಗೌರವಧನ ಎರಡು-ಮೂರು ತಿಂಗಳು ತಡವಾದಾಗ ಆ ಸದಸ್ಯೆ ಕಂತು ಕಟ್ಟೋದು ತಡ ಆಗ್ತದೆ. ಆಗ ನಾವೇನು ಮಾಡ್ತೇವೆ? ದಂಡ ಹಾಕ್ತೇವೆ. ಹತ್ತೋ ಇಪ್ಪತ್ತೋ ರೂಪಾಯಿ, ನಿಯಮ ನಿಯಮವೇ ಅಂತೀರಿ. ಮಧ್ಯಾಹ್ನ ನಮ್ಮ ಮಕ್ಕಳಿಗೆ ಉಣ್ಣಿಸಿದ ಕೈಯಿಂದ ಸಂಜೆ ದಂಡ ಇಸ್ಕೋತೇವೆ. ಬಿಸಿಯೂಟದ ಸದಸ್ಯೆಗೆ ಗೌರವಧನ ಬಂದ ವಾರದಲ್ಲಿ ಕಂತು ಕಟ್ಟಿದರೆ ಸಾಕು, ದಂಡ ಇಲ್ಲ ಅಂತ ಪ್ರತಿ ಸಂಘವೂ ಈ ತಿಂಗಳೇ ಠರಾವು ಬರೆಯಲಿ ಅಂತ ನಾವು ಕೇಳ್ತೇವೆ. ಹಿಂದೆ ಹಾಕಿದ ದಂಡ ವಾಪಸ್ ಕೊಡೋದು ಬಿಡೋದು ನಿಮಗೇ ಬಿಟ್ಟದ್ದು.

ಇನ್ನೊಂದು ಮಾತು, ಇದು ಇನ್ನೂ ಕಹಿ. ದಲಿತ ಅಕ್ಕ ಅಡುಗೆ ಮಾಡಿದರೆ ನಮ್ಮ ಹುಡುಗ ಉಣ್ಣಲ್ಲ ಅನ್ನೋ ಮನೆಗಳು ಇನ್ನೂ ಇವೆ. ಅಡುಗೆಯವರನ್ನ ತಗೊಳ್ಳುವಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟೇ 2004ರ ಏಪ್ರಿಲ್‌ನಲ್ಲಿ ಹೇಳಿದೆ. ಮಕ್ಕಳಿಗೆ ಈ ಬುದ್ಧಿ ಹುಟ್ಟಿನಿಂದ ಬರೋದಿಲ್ಲ, ಮನೆಯಲ್ಲಿ ಕಲಿಸ್ತೇವೆ. ದಿನಾ ಆ ಮಾತು ಕೇಳಿಸಿಕೊಂಡು ಒಲೆ ಮುಂದೆ ನಿಲ್ಲೋ ಹೆಣ್ಣುಮಗಳ ಮನಸ್ಸು ಹೆಂಗಿರಬೇಕು?

ಈಗ ಮಾಸ್ತರ ಕಡೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಬೇರೆ ಮುಖ್ಯ ಶಿಕ್ಷಕರು. ನಮ್ಮ ಸಣ್ಣ ಊರು, ತಾಂಡಾ, ಹಟ್ಟಿಗಳ ಶಾಲೆಯಲ್ಲಿ ಅಷ್ಟು ಮಕ್ಕಳೆಲ್ಲಿ? ಪಾಠ ಮಾಡೋ ಮಾಸ್ತರೇ ಪ್ರಭಾರಿ. ಅಕ್ಕಿ-ಬೇಳೆ, ಹಾಲಿನ ಪುಡಿ, ಮೊಟ್ಟೆ, ಸಮವಸ್ತ್ರ, ಶೂ, ಪಠ್ಯಪುಸ್ತಕ ಎಲ್ಲದರ ಲೆಕ್ಕ ಅವರದೇ. ಮಕ್ಕಳ ವಿವರವನ್ನ ಆನ್‌ಲೈನಿಗೆ ಹಾಕಬೇಕು, ಅಲ್ಲಿ ನೆಟ್‌ವರ್ಕ್ ಇರಲ್ಲ. ಮೊಟ್ಟೆಗೆ ಸರ್ಕಾರ 6 ರೂಪಾಯಿ ಲೆಕ್ಕ ಹಾಕಿದ್ದಾಗ ಅಂಗಡಿಯಲ್ಲಿ ರೇಟು ಅದನ್ನು ದಾಟಿದರೆ ಉಳಿದದ್ದು ಯಾರ ಜೇಬಿನಿಂದ? ಅದೇ ಕಾಯ್ದೆಯ 27ನೇ ಕಲಮಿನಲ್ಲಿ ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನ ಹಾಕಬಾರದು ಅಂತ ಐತೆ. ಆದರೂ ಕೆಲಸ ಬರ್ತಾನೇ ಇರ್ತದೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ತಿರುಗಿದ್ದನ್ನ ನೀವೇ ನೋಡಿದ್ದೀರಿ. ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಎಷ್ಟೋ ಮನೆ ಮುಂದೆ ಟೀಚರಮ್ಮನಿಗೆ ಬೈಗುಳವೂ ಸಿಕ್ಕಿತು.

ಹೀಗೆ ದಣಿದ ಮನುಷ್ಯ ಶಾಲೆಯನ್ನ ಹೆಂಗೆ ನಡೆಸಬೇಕು? ಮೇಲಿನವರು ಕೇಳೋದು ರಿಸಲ್ಟು, ಕೆಳಗಿನವರು ಕೇಳೋದು ಮೊಟ್ಟೆ. ಮಧ್ಯೆ ಇರೋರು ಆ ಸಿಟ್ಟನ್ನ ಅಡುಗೆ ಅಕ್ಕನ ಮೇಲೆ ತೀರಿಸ್ತಾರೆ, ಆಕೆ ಸೌಟು ಕುಕ್ಕಿ ಮಕ್ಕಳ ಮೇಲೆ ತೀರಿಸ್ತಾಳೆ. ಇದನ್ನ ನಾವು ಕಣ್ಣಾರೆ ಕಂಡಿದ್ದೇವೆ. ಇದಕ್ಕೆ ವಿರುದ್ಧ ಆದದ್ದನ್ನೂ ಕಂಡಿದ್ದೇವೆ. ಒಂದು ಊರಲ್ಲಿ ಹೆಡ್ ಟೀಚರು ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಶಿಕ್ಷಕರು, ಅತಿಥಿ ಶಿಕ್ಷಕಿ, ಅಡುಗೆಯವರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಅರ್ಧ ಗಂಟೆ ಮಾತಾಡ್ತಾರೆ. ಯಾರಿಗೆ ಏನು ಕಷ್ಟ, ಮುಂದಿನ ವಾರ ಯಾರಿಗೆ ರಜೆ ಬೇಕು, ಅಷ್ಟೇ. ಅಡುಗೆಯವರಿಗೂ ಕುರ್ಚಿ ಹಾಕ್ತಾರೆ. ಆ ಶಾಲೆಯಿಂದ ವರ್ಗಾವಣೆ ಬೇಡೋರು ಕಡಿಮೆ.

ಹಾಗಂತ ಎಲ್ಲ ಮಾಸ್ತರೂ ಸಾಚಾ ಅಂತ ನಾವು ಹೇಳ್ತಿಲ್ಲ. ಕೆಲಸಗಳ್ಳರು ಇದ್ದಾರೆ, ಅವರಿಗೆ ಅರ್ಜಿನೇ ಔಷಧಿ. ಆದರೆ ಅರ್ಜಿ ಬರೆಯೋಕೆ ಮುಂಚೆ ಒಂದು ದಿನ ಬೆಳಗ್ಗೆ ಒಂಬತ್ತರಿಂದ ಊಟದವರೆಗೆ ಶಾಲೆಯಲ್ಲಿ ಕೂತು ನೋಡ್ರಿ.

ನಮ್ಮ ಕೈಯಲ್ಲಿ ಏನೈತೆ? ಎಸ್‌ಡಿಎಂಸಿ ಐತೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ-ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾಯ್ದೆಯೇ ಹೇಳ್ತದೆ. ಹೆಸರು ನಿಮ್ಮದು, ಸಭೆಗೆ ಹೋಗೋದು ಗಂಡ, ಹಂಗಾಗಬಾರದು. ಹೋದಾಗ ಕಟ್ಟಡದ ಬಿಲ್ಲಿನ ಜೊತೆಗೆ ಇದನ್ನೂ ಕೇಳಿ: ಟೀಚರಮ್ಮಂದಿರಿಗೆ ಬೀಗ-ನೀರು ಇರೋ ಪಾಯಖಾನೆ ಐತಾ? ಅಡುಗೆ ಕೋಣೆಯಲ್ಲಿ ಸುಟ್ಟ ಗಾಯಕ್ಕೆ ಔಷಧಿ ಡಬ್ಬಿ ಐತಾ? ದೊಡ್ಡ ಪಾತ್ರೆ ಇಳಿಸೋಕೆ ಇಬ್ಬರು ಇರ್ತಾರಾ? ಖಾಲಿ ಹುದ್ದೆ ಇದ್ದರೆ ಮಾಸ್ತರ ಮೇಲೆ ಕೂಗಾಡೋದಲ್ಲ, ಮಾಸ್ತರ ಜೊತೆಗೂಡಿ ಬಿಇಒ ಕಚೇರಿಗೆ ಅರ್ಜಿ ಕೊಡೋದು. ಜೂನ್ ತಿಂಗಳಲ್ಲೇ ಕೊಟ್ಟರೆ ಅತಿಥಿ ಶಿಕ್ಷಕರಾದರೂ ಬೇಗ ಸಿಗ್ತಾರೆ. ಬದಲಿ ಅಡುಗೆಗೆ ಪ್ರತಿ ಸಂಘದಿಂದ ಇಬ್ಬರ ಹೆಸರು ಬರೆದಿಡಿ, ಆ ಕೂಲಿಯನ್ನ ಎಲ್ಲಿಂದ ಕೊಡೋದು ಅಂತ ಎಸ್‌ಡಿಎಂಸಿಯಲ್ಲಿ ಮಾತಾಡಿ ಗೊತ್ತು ಮಾಡಿ.

ಮನಸ್ಸಿಗೆ ತೀರಾ ಭಾರ ಆದವರಿಗೆ, ಮಾಸ್ತರಾಗಲಿ ಅಡುಗೆ ಅಕ್ಕನಾಗಲಿ ನಿಮ್ಮಲ್ಲೇ ಯಾರಾಗಲಿ, 14416 ಅನ್ನೋ ಟೆಲಿ ಮಾನಸ್ ನಂಬರ್ ಐತೆ. ಸರ್ಕಾರದ್ದು, 2022ರಿಂದ ನಡೀತಿದೆ. ದುಡ್ಡು ಹತ್ತೋದಿಲ್ಲ, ರಾತ್ರಿ-ಹಗಲು ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನ ಸಂಘದ ಪುಸ್ತಕದ ರಟ್ಟಿನ ಮೇಲೆ ಬರೆದುಕೊಳ್ಳಿ, ಶಾಲೆ ಗೋಡೆಗೂ ಅಂಟಿಸಿ.

ಕೈ ಸುಟ್ಟುಕೊಂಡಿದ್ದ ಆ ಅಕ್ಕ ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮಾತಾಡವ್ವ ಅಂದರೆ ಒಲ್ಲೆ ಅಂದಳು. ಊಟದ ಹೊತ್ತಿನಲ್ಲಿ ಬೇಕಾದರೆ ಹೇಳ್ತಾಳಂತೆ, ಕೇಳಿಸಿಕೊಳ್ಳಿ. ಮುಂದಿನ ತಿಂಗಳ ಸಭೆಗೆ ಬರುವಾಗ ದಂಡದ ಠರಾವು ಮತ್ತು ಬದಲಿಯವರ ಹೆಸರು ಎರಡನ್ನೂ ಬರೆದುಕೊಂಡು ಬನ್ನಿ, ಒಕ್ಕೂಟದ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳೋಣ.