ಭರಣಿಗೊಂದು ಹೆಸರು ಚೀಟಿ



ಹಳ್ಳಿಯಿಂದ ಹೊರಟವರು ಬರಿಗೈಯಲ್ಲಿ ಹೋಗುವುದುಂಟೆ? ಮಗಳ ಮನೆಗೆ ಮಿಡಿ ಉಪ್ಪಿನಕಾಯಿ, ಬೀಗರಿಗೆ ಶೇಂಗಾ ಚಟ್ನಿಪುಡಿ, ಪಟ್ಟಣದ ನೆಂಟರಿಗೆ ಒಂದು ಸೀಸೆ ಜೇನುತುಪ್ಪ, ಏನಾದರೊಂದು ಚೀಲದಲ್ಲಿ ಇದ್ದೇ ಇರುತ್ತದೆ. ನಿಮ್ಮ ಅಡಿಗೆಮನೆಯಲ್ಲಿ ಯಾವುದರಲ್ಲಿ ಏನಿದೆಯೆಂಬುದು ನಿಮಗೆ ಕಣ್ಣುಮುಚ್ಚಿದರೂ ಗೊತ್ತು. ಅದೇ ಭರಣಿ ಇನ್ನೊಬ್ಬರ ಮನೆ ಸೇರಿದ ಮೇಲೆ ಹೇಳುವವರು ಯಾರು? ಅದರ ಮೇಲಿನ ಚೀಟಿಯೇ ಹೇಳಬೇಕು.

ಚೀಟಿಗೆ ಹೂಬಳ್ಳಿ ಇರಲಿ, ಬೇಡವೆನ್ನೆವು. ಆದರೆ ಮೊದಲು ಅಕ್ಷರ, ಆಮೇಲೆ ಬಳ್ಳಿ. ಪದಾರ್ಥದ ಹೆಸರು, ಮಾಡಿದ ದಿನ, ಒಳಗೆ ಏನೇನು ಬಿದ್ದಿದೆ ಎಂಬುದು ಇರಲೇಬೇಕು. ಶೇಂಗಾ, ಎಳ್ಳು, ಗೋಡಂಬಿ, ಸಾಸಿವೆ ಹಾಕಿದ್ದರೆ ತಪ್ಪದೆ ಬರೆಯಿರಿ. ಶೇಂಗಾ ಒಗ್ಗದವರು ಇದ್ದಾರೆ. ಕೆಲವರಿಗೆ ಒಂದು ಚಿಟಿಕೆ ಪುಡಿ ತಿಂದರೂ ಗಂಟಲು ಊದಿ ಉಸಿರು ಕಟ್ಟೀತು.

ಜೇನಿನ ಸೀಸೆಯ ಮೇಲೆ ‘ವರ್ಷ ತುಂಬದ ಕೂಸಿಗೆ ಕೊಡಬೇಡಿ’ ಎಂದು ದಪ್ಪಕ್ಷರದಲ್ಲೇ ಹಾಕಿ. ಜೇನಿನಲ್ಲಿ ಕಣ್ಣಿಗೆ ಕಾಣದ ಒಂದು ರೋಗಾಣುವಿನ ಬೀಜ ಇರಬಹುದು. ದೊಡ್ಡವರು ಅರಗಿಸಿಕೊಳ್ಳುತ್ತಾರೆ; ಎಳೆಗೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಉಂಟುಮಾಡಬಲ್ಲದು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ರೂಢಿ ಎಷ್ಟೋ ಮನೆಗಳಲ್ಲಿ ಉಂಟಷ್ಟೆ, ಅದಕ್ಕೇ ಇಷ್ಟು ಒತ್ತಿ ಹೇಳಿದ್ದು.

ಮಿಡಿಗಾದರೋ ಎರಡು ದಿನ ಬರೆಯುವುದು ಲೇಸು: ಉಪ್ಪಿಗೆ ಹಾಕಿದ್ದು ಒಂದು, ಖಾರ ಬೆರೆಸಿದ್ದು ಇನ್ನೊಂದು. ‘ಒದ್ದೆ ಚಮಚ ಹಾಕಬೇಡಿ’ ಎಂದೂ ಸೇರಿಸಿ.

ಇನ್ನು ಅಚ್ಚು ಹಾಕಿಸುವ ಮಾತು. ಎ-4 ಹಾಳೆಯನ್ನು ಅಗಲದಲ್ಲಿ 3, ಎತ್ತರದಲ್ಲಿ 8 ಭಾಗ ಮಾಡಿದರೆ 24 ಚೀಟಿ ಸಿಗುತ್ತವೆ. ಒಂದೊಂದೂ ಸುಮಾರು 70 ಮಿಲಿಮೀಟರ್ ಅಗಲ, 37 ಎತ್ತರ. ಶಾಲೆಗೆ ಹೋಗುವ ಮಗಳ ಕೈಲಿ ಅಂಚಿಗೆ ಚುಕ್ಕಿ ರಂಗೋಲಿ ಬರೆಸಿ. ಮಲೆನಾಡಿನವರಾದರೆ ಹಸೆ ಚಿತ್ತಾರದ ಗೆರೆಗಳೇ ಸಾಕು, ಕಪ್ಪು ಒಂದೇ ಬಣ್ಣದಲ್ಲಿ ಸೊಗಸಾಗಿ ಬರುತ್ತವೆ. ತಾರೀಖಿನ ಜಾಗ ಖಾಲಿ ಬಿಟ್ಟು, ಬೇಕಾದಾಗ ಬಾಲ್‌ಪೆನ್ನಿನಲ್ಲಿ ತುಂಬಿ. ಜೆರಾಕ್ಸ್ ಅಂಗಡಿಯ ಪುಡಿಶಾಯಿಯ ಅಚ್ಚು ನೀರು ತಾಗಿದರೆ ಹರಡದು; ಮನೆಯ ಇಂಕ್‌ಜೆಟ್ ಯಂತ್ರದ ಬಣ್ಣ ಬಹಳ ಸಲ ಹರಡುತ್ತದೆ.

ಅಂಟಿಸಲು ಮೈದಾ ಗಂಜಿ ಸಾಕು. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ತಿನ್ನುವ ಪದಾರ್ಥದ ಹತ್ತಿರ ಅದು ಬೇಡ. ಗಾಜಿಗೆ ಎಣ್ಣೆಯ ಜಿಡ್ಡಿದ್ದರೆ ಯಾವ ಅಂಟೂ ನಿಲ್ಲದು. ಒರೆಸಿ, ಒಣಗಿಸಿ, ಭರಣಿಯ ಮೈಗೇ ಅಂಟಿಸಿ. ಮುಚ್ಚಳಕ್ಕೆ ಬೇಡ, ಮುಚ್ಚಳಗಳು ಒಂದರದ್ದು ಇನ್ನೊಂದಕ್ಕೆ ಹೋಗ್ತಾವೆ.

ಮಾರುವುದಾದರೆ ಕಾನೂನು ಬೇರೆ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಬೇಕು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಆದರೆ ಔಷಧಿ ಡಬ್ಬಿಯ ಮೇಲಿನ ಹಸಿರು ಗುರುತು ನೋಡಿ ಮೋಸಹೋಗಬೇಡಿ. ಅಲ್ಲಿ ಕೆಂಪು, ಹಳದಿ, ನೀಲಿ, ಹಸಿರು ನಾಲ್ಕೂ ವಿಷದ ಗುರುತುಗಳೇ. ಹಸಿರಿನದು ಸ್ವಲ್ಪ ಕಡಿಮೆ ವಿಷ, ಅಷ್ಟೆ. ಅಂಥ ಡಬ್ಬಿಯನ್ನು ಎಷ್ಟು ತೊಳೆದರೂ, ಎಂಥ ಚೆಂದದ ಚೀಟಿ ಅಂಟಿಸಿದರೂ ಊಟದ ಪದಾರ್ಥಕ್ಕೆ ಬಳಸಲೇಕೂಡದು.

ಖಾಲಿ ಭರಣಿ ತವರಿಗೆ ಮರಳಿ ಬಂದಾಗ ಬಿಸಿನೀರಲ್ಲಿ ನೆನೆಸಿ ಹಳೆಯ ಚೀಟಿ ಕಿತ್ತುಬಿಡಿ. ಹೋದ ವರ್ಷದ ತಾರೀಖು ಈ ವರ್ಷದ ಮಿಡಿಯ ಮೇಲೆ ಕೂತಿರಬಾರದು.