ಹಿತ್ತಲಲ್ಲಿ ಏನನ್ನು ಬೆಳೆಯೋಣ?



ಕೆಲವು ವರ್ಷಗಳ ಹಿಂದೆ, ಹೊಸಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ, ಫೆಬ್ರವರಿ ತಿಂಗಳಲ್ಲಿ ನಾನು ಎಲೆಕೋಸಿನ ಸಸಿಗಳನ್ನು ನೆಟ್ಟೆನು. ಬೀಜದ ಪೊಟ್ಟಣದ ಮೇಲಿನ ಚಿತ್ರ ಅಷ್ಟು ಚೆಲುವಾಗಿತ್ತು! ಏಪ್ರಿಲ್ ಬಂದಿತು, ಬಿಸಿಲು 40 ಡಿಗ್ರಿ ಮುಟ್ಟಿತು. ಮನೆಗೆ ತುಂಬಿಟ್ಟ ನೀರಿನಿಂದಲೇ ದಿನಕ್ಕೆ 4 ಕೊಡ ಗಿಡಗಳಿಗೆ ಸುರಿದೆನು. ಒಂದೂ ಗಡ್ಡೆ ಕಟ್ಟಲಿಲ್ಲ. ನಮ್ಮ ಮನೆಯಾಕೆ ಹೇಳಿದಳು: "ಹುಡುಗರಿಗೆ ಪಾಠ ಹೇಳೋಕ ಮೊದಲು ಯಾವ ತರಗತಿ ಅಂತ ನೋಡ್ತೀರಿ. ಗಿಡಕ್ಕ ಯಾಕ ಕಾಲ ನೋಡ್ಲಿಲ್ಲ?"

ಉತ್ತರ ನನ್ನಲ್ಲಿರಲಿಲ್ಲ. ಅಂದು ಕಲಿತುದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ತರಕಾರಿ ನಮ್ಮ ಸೀಮೆಗೆ ಹೊಸತಲ್ಲ. 1520ರ ಸುಮಾರಿಗೆ ಹಂಪೆಗೆ ಬಂದ ಪೋರ್ತುಗೀಸ ಡೊಮಿಂಗೊ ಪಾಯಸ್, ಇಲ್ಲಿಗೆ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆಗಳ ರಾಶಿಯನ್ನು ಕಂಡು ಬೆರಗಾದನು. ಇಂದು ನಮ್ಮ ಸಾರಿಗೆ ಬೇಕೇಬೇಕಾದ ಮೆಣಸಿನಕಾಯಿ, ಟೊಮೆಟೊಗಳು ಅಮೆರಿಕ ಖಂಡದಿಂದ ಬಂದವು. ಆದುದರಿಂದ ಗಿಡ ಊರಿನದೋ ಪರದೇಶದ್ದೋ ಎಂಬುದು ಮುಖ್ಯವಲ್ಲ. ಕಾಲ, ಮಣ್ಣು, ನೀರು ಈ ಮೂರಕ್ಕೆ ಅದು ಒಗ್ಗೀತೆ ಎಂಬುದೇ ಮುಖ್ಯ.

ಮೊದಲು ಕಾಲ. ಕೋಸು, ಹೂಕೋಸು, ಗಜ್ಜರಿಗಳಿಗೆ ಚಳಿ ಬೇಕು. ಅವನ್ನು ಅಕ್ಟೋಬರಿನ ಸುಮಾರಿಗೆ ಆರಂಭಿಸಬೇಕು. ಹೀರೆ, ಪಡವಲ, ಹಾಗಲದ ಬಳ್ಳಿಗಳನ್ನು ಜೂನಿನ ಮಳೆಯೊಡನೆ ಹಬ್ಬಿಸಬಹುದು. ಬೇಸಗೆಯನ್ನು ತಡೆಯುವವು ಚವಳಿಕಾಯಿ, ಬೆಂಡೆ, ರಾಜಗಿರಿ, ಪುಂಡಿ. ರಾಜಗಿರಿ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ; ಹೊಸಬರು ಅದರಿಂದಲೇ ತೊಡಗುವುದು ಲೇಸು.

ಎರಡನೆಯದು ಮಣ್ಣು. 1 ಅಡಿ ಆಳದ ಗುಣಿ ತೆಗೆದು ನೀರು ತುಂಬಿ ನೋಡಿರಿ. ಕಂಪ್ಲಿಯ ಕಡೆಯ ಎರೆಮಣ್ಣಿನಲ್ಲಿ ನೀರು ಬೇಗ ಇಂಗದು. ಅಲ್ಲಿ ಮಡಿಯನ್ನು ಎತ್ತರಿಸದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಸಂಡೂರಿನ ಕೆಂಪು ಗರಸು ಮಣ್ಣಿನಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಕೊಳೆತ ಗೊಬ್ಬರವನ್ನು ಧಾರಾಳವಾಗಿ ಸೇರಿಸಬೇಕು. ಹಂಪೆಯ ಬಂಡೆಗಳ ನಡುವೆ ಮನೆಯುಳ್ಳವರಿಗೆ ಬೇರೊಂದು ತೊಡಕು. ಹಗಲು ಕಾದ ಕಲ್ಲು ಇರುಳಲ್ಲಿಯೂ ಬಿಸಿ ಉಗುಳುತ್ತದೆ. ಅಲ್ಲಿ ಬುಡಕ್ಕೆ ಒಣಹುಲ್ಲಿನ ಹೊದಿಕೆ ತಪ್ಪಬಾರದು.

ಮೂರನೆಯದು ನೀರು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಗದ್ದೆ, ಬಾಳೆತೋಟಗಳಿಗೆ ಹರಿಯುತ್ತಿವೆ. ಆದರೆ ಆ ನೀರು ಪೇಟೆಯ ಹಿತ್ತಲಿಗೆ ಬರುವುದಿಲ್ಲ. ನಮಗಿರುವುದು ಅಕ್ಕಿ, ಬೇಳೆ ತೊಳೆದ ನೀರು, ಬಚ್ಚಲ ನೀರು. ಅಡಿಗೆಮನೆಯ ನೀರನ್ನು ಸೊಪ್ಪಿನ ಮಡಿಗೆ ಹಾಕಿರಿ. ಬಚ್ಚಲ ನೀರನ್ನು ಬಾಳೆಗೆ ಹಾಯಿಸಿರಿ. ಸಾಬೂನು ಬೆರೆತ ನೀರು ಸೊಪ್ಪಿಗೆ ಸಲ್ಲದು. ಬೇಸಗೆಯಲ್ಲಿ ಈ ನೀರು ಎಷ್ಟು ಕೊಡವಾದೀತೆಂದು ಅಳೆದು, ಅಷ್ಟೇ ಗಿಡಗಳನ್ನು ಇಡಿರಿ.

ಕೊನೆಗೆ, ವಾರದ ಸಂತೆಯ ಚೀಲವನ್ನು ತೆರೆದು, ರೊಟ್ಟಿಯೊಡನೆ ಮನೆಯವರು ನಿಜವಾಗಿ ತಿನ್ನುವುದೇನೆಂದು ನೋಡಿರಿ. ಅಡಿಗೆ ಮಾಡುವವರನ್ನು ಕೇಳದೆ ಬೀಜ ಕೊಳ್ಳಬೇಡಿರಿ.

ಕೋಸು ಒಣಗಿದ ಸಾಲಿನಲ್ಲಿಯೇ ಮನೆಯಾಕೆ ಪುಂಡಿ ಬಿತ್ತಿದಳು. ಕೊಡಗಟ್ಟಲೆ ನೀರು ಕೇಳದೆಯೇ ಅದು ಎದ್ದು ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ಮದ್ದಾಗದಿದ್ದರೂ ಚಿಂತೆಯಿಲ್ಲ, ಪಲ್ಯವಂತೂ ಆಯಿತು.